ತಡಿಕೆಯ ಹಿಂಬದಿ

ಜೂನ್ ೪

ಪ್ರೀತಿಯ ಸೊಸೆ ಪುಟ್ಟಿಗೆ,

ಕಣ್ಣು ಮುಚ್ಚಿಕೊಂಡು ಒಂದು ಹಲಗೆಯನ್ನು ಮುಟ್ಟಿ, ಆ ಮರದಲ್ಲಿ ಎಷ್ಟು ಹಕ್ಕಿಗಳು ಗೂಡು ಕಟ್ಟಿದ್ದವು, ಅವುಗಳಲ್ಲಿ ಜಗಳಗಂಟಿ ಯಾವುದು ಎಂದು ಹೇಳಬಲ್ಲ ಬಡಗಿ ಈ ಭೂಮಿಯ ಮೇಲೆ ನಾನೊಬ್ಬನೇ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ಜನಕ್ಕೆ ಹೊಟ್ಟೆಕಿಚ್ಚು.

ಅಂಥ ಸೋದರಮಾವನ ಸೊಸೆ ನೀನು, ಮುಖ್ಯೋಪಾಧ್ಯಾಯಿನಿ ಆದದ್ದರಲ್ಲಿ ಆಶ್ಚರ್ಯವೇನಿದೆ? ಅದೂ ನಾನು ಓದಿದ ಶಾಲೆಗೇ! ಓದಿದೆ ಎಂದರೆ, ಐದನೇ ತರಗತಿಯವರೆಗೆ ಆ ಶಾಲೆ ನನ್ನನ್ನು ತಡೆದುಕೊಂಡಿತು. ಆಮೇಲೆ ಇಬ್ಬರಿಗೂ ಸಾಕಾಯಿತು. ಫೋನ್ ಮಾಡಬಾರದಿತ್ತೇ ಎನ್ನಬೇಡ. ಫೋನಿನಲ್ಲಿ ನೀವು ಹೇಳಿದ್ದು ನನಗೆ ಕೇಳಿಸುವುದಿಲ್ಲ, ನಾನು ಹೇಳಿದ್ದನ್ನು ನೀವು ಪೂರ್ತಿ ಕೇಳುವುದಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ.

ನಿಮ್ಮ ಶಾಲಾ ಸಮಿತಿಯ ಅಧ್ಯಕ್ಷರು, ಅದೇ ಔಷಧಿ ಅಂಗಡಿಯವರು, ನನಗೆ ಹೇಳಿಕಳಿಸಿದ್ದಾರೆ. ಹಳೆಯ ದೊಡ್ಡ ಕೋಣೆಯನ್ನು ಸಭಾಂಗಣ ಮಾಡುತ್ತಾರಂತೆ. ಅಲ್ಲಿರುವ ಮರದ ತಡಿಕೆಗೆ ನಾನೇ ಬಂದು ಎಣ್ಣೆ ಹಚ್ಚಿ ಹೊಳಪು ಕೊಡಬೇಕಂತೆ. ಅದರ ಪಕ್ಕ ಹಿತ್ತಾಳೆಯ ಫಲಕದಲ್ಲಿ ನನ್ನ ಅಪ್ಪನ, ಅಂದರೆ ನಿನ್ನ ಅಜ್ಜನ, ಹೆಸರು ಕೆತ್ತಿಸುತ್ತಾರಂತೆ. ನೀನು ಆ ತಡಿಕೆಯನ್ನು ನೋಡಿರಬೇಕಲ್ಲ? ಗೋಡೆಯಿಂದ ಗೋಡೆಗೆ ನಿಂತಿದೆ. ಮೇಲೆ ಬಳ್ಳಿ, ಎಲೆ, ಮೊಗ್ಗು. ಕೆಳಗೆ ಓರೆಯಾಗಿ ಕೂರಿಸಿದ ಅಡ್ಡಪಟ್ಟಿಗಳ ಸಾಲು. ಒಂದು ಮೊಳೆ ಇಲ್ಲ, ಒಂದು ಬೆಣೆ ಇಲ್ಲ! ಬರೀ ಮರಕ್ಕೆ ಮರ ಕಚ್ಚಿಕೊಂಡಿದೆ. ಅದನ್ನು ಬಿಚ್ಚುವ ಗುಟ್ಟನ್ನು ಅಪ್ಪ ನನ್ನೊಬ್ಬನಿಗೇ ಹೇಳಿ ಕಣ್ಣು ಮುಚ್ಚಿದ. ಕಿಟಕಿಯ ಗಾಳಿಗೆ ಮಕ್ಕಳ ಹಾಳೆಗಳು ಹಾರಬಾರದು ಎಂದು ಮಾಡಿದ್ದು ಅದು. ಎಂಥ ಕರುಳು ನೋಡು.

ಇನ್ನೊಂದು ಸುದ್ದಿ. ನನ್ನ ಬಾಯಲ್ಲಿ ಉಳಿದಿದ್ದ ಹಲ್ಲುಗಳೂ ರಾಜೀನಾಮೆ ಕೊಟ್ಟವು. ಪೂರ್ತಿ ಸೆಟ್ ಕಟ್ಟಿಸಿಕೊಳ್ಳಿ ಎಂದಿದ್ದಾಳೆ ಹಲ್ಲಿನ ಡಾಕ್ಟರು. ಅದಕ್ಕೆಂದು ಬಿಸ್ಕತ್ತಿನ ಡಬ್ಬಿಯಲ್ಲಿ ದುಡ್ಡು ಕೂಡಿಡುತ್ತಿದ್ದೇನೆ. ಫಲಕದ ಪಕ್ಕದಲ್ಲಿ ಫೋಟೊ ತೆಗೆಯುವ ದಿನ ಮೂವತ್ತೆರಡನ್ನೂ ಬಿಟ್ಟು ನಗುತ್ತೇನೆ. ಹೆಸರಿನ ಅಕ್ಷರಗಳು ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡದಾಗಿರಲಿ ಎಂದು ನೀನೇ ನಿಂತು ನೋಡಿಕೊಳ್ಳಬೇಕು.

ನಿನ್ನ ಮಾವ,
ಬಡಗಿಗಳ ಬಡಗಿ


ಜೂನ್ ೧೭

ಪ್ರೀತಿಯ ಮಾವ,

ನಿಮ್ಮ ಕಾಗದ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಇಲ್ಲಿ ಎಲ್ಲ ಚೆನ್ನಾಗಿದೆ. ನನ್ನ ಮೇಜಿಗೆ ಒಂದು ಕಾಲು ಗಿಡ್ಡ; ಸದ್ಯಕ್ಕೆ ಅದಕ್ಕೆ ಹಳೆಯ ಭೂಗೋಳದ ಪುಸ್ತಕ ಓದಲು ಕೊಟ್ಟಿದ್ದೇನೆ.

ಕಳೆದ ವಾರ ಒಬ್ಬರು ಅಜ್ಜಿ ಮೊಮ್ಮಗಳನ್ನು ಸೇರಿಸಲು ಬಂದರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು, ಈಗ ನಿವೃತ್ತರು. ಊರಿಗೆಲ್ಲ ಟಿಕೆಟಮ್ಮ. ಅವರು ಮೆಲ್ಲಗೆ ಮಾತಾಡಿದರೂ ಪ್ಲಾಟ್‌ಫಾರಂನ ಆ ತುದಿಗೆ ಕೇಳಬೇಕು. ಮಗುವಿಗೆ ಶಾಲೆ ತೋರಿಸುತ್ತಾ ದೊಡ್ಡ ಕೋಣೆಗೆ ಕರೆದುಕೊಂಡು ಹೋದೆ. "ಈ ತಡಿಕೆ ನಮ್ಮಜ್ಜ ಮಾಡಿದ್ದು" ಎಂದೆ, ಹೆಮ್ಮೆಯಿಂದಲೇ. ಟಿಕೆಟಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಇದಿನ್ನೂ ಇದೆಯಾ?"

"ಇದೆಯಲ್ಲ. ಎಷ್ಟು ಚೆಂದ ಅಲ್ವಾ?"

"ಈ ಕಡೆಯಿಂದ ನಾನು ಇವತ್ತೇ ನೋಡ್ತಿರೋದು," ಎಂದರು. "ಹೂಂ, ಚೆಂದ ಇದೆ. ನನ್ನ ಜಾಗ ಆ ಕಡೆ ಇತ್ತು. ಹಳಿಯಾಚೆ ಮಕ್ಕಳದ್ದೆಲ್ಲ ಆ ಕಡೆ."

ಮಗು ಕೇಳಿತು, "ಯಾಕಜ್ಜಿ?"

"ನಿಮ್ಮ ಮೇಡಂನ ಕೇಳು."

ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಾ ನಿಂತಳು ಮಾವ. ಕಾಗದಪತ್ರ ತುಂಬಬೇಕು ಬನ್ನಿ ಎಂದು ಹೇಳಿ ಹೊರಗೆ ಕರೆದುಕೊಂಡು ಬಂದೆ.

ಸಂಜೆ ಮತ್ತೆ ಹೋಗಿ ನೋಡಿದೆ. ತಡಿಕೆಯ ಆಚೆಗೆ ಹೋಗಬೇಕಾದರೆ ಹೊರಗಿನಿಂದ ಗೋಡೆ ಸುತ್ತಿಕೊಂಡು ಹೋಗಬೇಕು. ಅಲ್ಲಿ ಒಂದು ಸಣ್ಣ ಬಾಗಿಲು. ಕಿಟಕಿಯೇ ಇಲ್ಲ. ಗಾಳಿ ಎಲ್ಲಿಂದ ಬರುತ್ತಿತ್ತು?

ನಿಮ್ಮ
ಪುಟ್ಟಿ


ಜೂನ್ ೨೮

ಪ್ರೀತಿಯ ಪುಟ್ಟಿ,

ನೀನು ವಿಜ್ಞಾನ ಓದಿದವಳು. ಗಾಳಿಗೆ ಬರಲು ಕಿಟಕಿಯೇ ಬೇಕು ಎಂದು ಯಾವ ಪುಸ್ತಕದಲ್ಲಿದೆ? ಬಾಗಿಲಿನಿಂದ ಬರುತ್ತಿತ್ತು. ಹಂಚಿನ ಸಂದಿಯಿಂದ ಬರುತ್ತಿತ್ತು. ಆ ಕಾಲದ ಗಾಳಿಯೇ ಬೇರೆ.

ಆ ಟಿಕೆಟಮ್ಮ ಯಾರೋ ನನಗೆ ಗೊತ್ತಿಲ್ಲ. ನಮ್ಮ ತರಗತಿಯಲ್ಲಿ ಅಂಥವರು ಯಾರೂ ಇದ್ದ ನೆನಪಿಲ್ಲ. ವಯಸ್ಸಾದವರು ಒಂದಕ್ಕೆ ಒಂದು ಸೇರಿಸಿ ಹೇಳುತ್ತಾರೆ. ನಾನು ಮಾತ್ರ ಹಾಗಲ್ಲ.

ನಿಮ್ಮ ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಸತ್ತವರ ತಲೆದಿಂಬು ಎತ್ತಿ ನೋಡಬಾರದು. ಬೇಕಾದರೆ ನಿನ್ನ ಅಮ್ಮನನ್ನು ಕೇಳು. ನನ್ನ ಅಕ್ಕ ಸುಳ್ಳು ಹೇಳುವವಳಲ್ಲ. ಮನೆಯ ಪಾಲಿನ ಸುಳ್ಳೆಲ್ಲ ನನಗೇ ಬಂತು.

ಫಲಕ ಎಷ್ಟು ಅಗಲ ಎಂದು ಬರೆಯಲಿಲ್ಲ ನೀನು.

ನಿನ್ನ ಮಾವ


ಜುಲೈ ೧೧

ಮಾವ,

ಭಾನುವಾರ ಅಣ್ಣನ ಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ಪಾತ್ರೆ ತೊಳೆಯುತ್ತಿದ್ದರು. ನಲ್ಲಿಯನ್ನು ಜೋರಾಗಿ ಬಿಟ್ಟರು. ನಾನು ಮತ್ತೆ ಕೇಳಿದೆ. ತೊಳೆದಿಟ್ಟ ಲೋಟಗಳನ್ನು ಎತ್ತಿ ಮತ್ತೆ ತೊಳೆದರು. ನಾನು ಹೊರಡುವವರೆಗೂ ಅಮ್ಮನ ಕೈ ಒಣಗಲಿಲ್ಲ.

ಅಲ್ಲಿಗೆ ನನಗೆ ಗೊತ್ತಾಯಿತು. ಆದರೂ ನಿಮ್ಮ ಕೈಯಿಂದ ಬರೆಸಿಕೊಳ್ಳಬೇಕು ಎಂದು ಬರೆಯುತ್ತಿದ್ದೇನೆ. ನಾನು ಈ ಶಾಲೆಗೆ ಯಜಮಾನಿ. ಆ ಹುಡುಗಿ ದಿನಾ ನನ್ನ ಆಫೀಸಿನ ಮುಂದೆ ಹಾದುಹೋಗುತ್ತಾಳೆ. "ನಮಸ್ತೆ ಮೇಡಂ" ಎಂದು ನಿಂತು, ಇನ್ನೊಂದು ಕ್ಷಣ ಕಾಯುತ್ತಾಳೆ. ಉತ್ತರಕ್ಕೇ ಕಾಯುತ್ತಾಳೆ ಎಂದು ನನಗೆ ಗೊತ್ತು. ಅವಳಿಗೆ ಅದನ್ನು ಹೇಳದೆ ಆ ಗೋಡೆಗೆ ನಮ್ಮ ಮನೆಯ ಹೆಸರು ಹಾಕಿಸಲು ನನ್ನಿಂದ ಆಗದು. ಅಧ್ಯಕ್ಷರಿಗೂ ಹಾಗೇ ಹೇಳಿದ್ದೇನೆ.

ಬರೆಯಿರಿ, ಇಲ್ಲವೇ ಬಿಡಿ. ಗಾಳಿಯ ಕಥೆ ಮಾತ್ರ ಇನ್ನು ಬೇಡ.

ಪುಟ್ಟಿ


ಆಗಸ್ಟ್ ೨೨

ಪುಟ್ಟಿ,

ಹಲವು ಸಲ ಬರೆದು ಹರಿದೆ. ಹರಿದ ಕಾಗದಗಳಲ್ಲಿ ಒಳ್ಳೊಳ್ಳೆಯ ಸುಳ್ಳುಗಳಿದ್ದವು. ನಷ್ಟ ನಿನ್ನದೇ.

ಗಾಳಿ ಇರಲಿಲ್ಲ.

ರೈಲು ಹಳಿಯ ಈಚೆ ನಾವು, ಆಚೆ ಅವರು. ನಮ್ಮ ಬಟ್ಟೆ ಒಗೆಯಲು, ಚರಂಡಿ ತೆಗೆಯಲು ಅವರು ಹಳಿ ದಾಟಿ ಬರಬಹುದಿತ್ತು, ಓದಲು ಬರಬಾರದಿತ್ತು. ನಾನು ಶಾಲೆಗೆ ಸೇರುವ ಹೊತ್ತಿಗೆ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ, ಒಂದೇ ಕೋಣೆಯಲ್ಲಿ ಓದಬೇಕು ಎಂದು ಸರ್ಕಾರದ ಅಪ್ಪಣೆ ಬಂತು. ಊರಿನ ದೊಡ್ಡವರೆಲ್ಲ ಅಪ್ಪನ ಅಂಗಡಿಗೆ ಬಂದು ಕೂತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಶಾಲೆ ಒಂದೇ, ಕೋಣೆ ಒಂದೇ, ಮೇಷ್ಟ್ರು ಒಬ್ಬರೇ. ನಡುವೆ ಒಂದು ತಡಿಕೆ. ತಪಾಸಣೆಗೆ ಬಂದ ಅಧಿಕಾರಿ ಕೋಣೆ ಎಣಿಸಿದ, ಒಂದೇ ಎಂದು ಬರೆದುಕೊಂಡ, ಚಹಾ ಕುಡಿದು ಹೋದ.

ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ನೆಲದ ಮೇಲೆ ಕೂತ ಮಗುವಿನ ಎತ್ತರಕ್ಕೆ ತಲೆ ತಗ್ಗಿಸಿ, ಕಣ್ಣಿನಿಂದ ದಾರ ಎಳೆದು, ಪಟ್ಟಿಗಳ ಓರೆಯನ್ನು ಗೊತ್ತುಮಾಡಿದನಂತೆ. ಆಚೆ ಕೂತವರಿಗೆ ಈಚೆಯದು ಮೊಣಕಾಲಿನ ಕೆಳಗೆ ಮಾತ್ರ ಕಾಣಬೇಕು. "ನೋಡ್ರೋ, ದನಿ ದಾಟುತ್ತೆ, ಕಣ್ಣು ದಾಟಲ್ಲ. ಯಾವನು ಮಾಡ್ತಾನೆ ಇಂಥದ್ದು?" ಎನ್ನುತ್ತಿದ್ದ. ನಾವು ಬಾಯಿತುಂಬ ಅನ್ನ ಇಟ್ಟುಕೊಂಡು ಹೌದಪ್ಪಾ ಹೌದು ಎನ್ನುತ್ತಿದ್ದೆವು. ನನ್ನ ಬಡಾಯಿ ಯಾವ ಬೇರಿನಿಂದ ಬಂತು ಎಂದು ಈಗ ತಿಳಿಯಿತಲ್ಲ?

ಅಪ್ಪ ಬಡವ, ಆಗುವುದಿಲ್ಲ ಎಂದಿದ್ದರೆ ಅಂಗಡಿ ಮುಚ್ಚಿಸುತ್ತಿದ್ದರು ಎಂದು ಒಂದು ಕಾಗದದಲ್ಲಿ ಬರೆದೆ. ಓದಿದರೆ ನನಗೇ ಅಳು ಬಂತು, ಅಷ್ಟು ಚೆನ್ನಾಗಿತ್ತು. ಅದನ್ನೂ ಹರಿದೆ. ಊರಿಗೆಲ್ಲ ಅವನೊಬ್ಬನೇ ಬಡಗಿ. ಅವನ ಅಂಗಡಿ ಮುಚ್ಚಿಸಿದರೆ ಅವರ ಮನೆಯ ಬಾಗಿಲು ಮಾಡುವವರು ಯಾರು? ಅವನು ಆಗಲ್ಲ ಎಂದಿದ್ದರೆ ಅವರು ಬಟ್ಟೆಯ ಪರದೆ ಕಟ್ಟುತ್ತಿದ್ದರು. ಮಕ್ಕಳು ಒಂದೇ ವಾರದಲ್ಲಿ ಎಳೆದು ಹರಿಯುತ್ತಿದ್ದರು. ಅಪ್ಪ ಮಾಡಿದ್ದು ಹರಿಯುವಂಥದ್ದಲ್ಲ.

ಆಮೇಲೆ ಹೊಸ ಕಟ್ಟಡ ಬಂತು. ಮಕ್ಕಳು ಒಟ್ಟಿಗೆ ಕೂತರು. ಹಳೆಯ ಕೋಣೆಗೆ ಮುರಿದ ಕುರ್ಚಿಗಳನ್ನು ತುಂಬಿದರು. ನಾನು ಈ ಊರಿಗೆ ಬಂದೆ. ಯಾರೋ ಕೇಳಿದಾಗ ಗಾಳಿಗೆ ಮಾಡಿದ್ದು ಎಂದೆ. ಹೇಳಿ ಹೇಳಿ ಎಷ್ಟು ಅಭ್ಯಾಸವಾಯಿತೆಂದರೆ, ಆ ಕೋಣೆ ನೆನಪಾದರೆ ನನಗೆ ಚಳಿಯಾಗುತ್ತದೆ.

ನಾನು ಬರುತ್ತೇನೆ. ಹೊಳಪು ಕೊಡಲು ಅಲ್ಲ. ಬಿಚ್ಚಲು. ಬೆಣೆಯೇ ಇಲ್ಲದ ಆ ಕೆಲಸವನ್ನು ಒಡೆಯದೆ ಬಿಚ್ಚಬಲ್ಲವನು ನಾನೊಬ್ಬನೇ ಎಂಬುದು ಮಾತ್ರ ಅಪ್ಪಟ ನಿಜ.

ನಿನ್ನ
ಮಾವ


ಸೆಪ್ಟೆಂಬರ್ ೩

ಪ್ರೀತಿಯ ಮಾವ,

ನಿಮ್ಮ ಕಾಗದವನ್ನು ಅಮ್ಮನಿಗೂ ಓದಿ ಹೇಳಿದೆ. ಈ ಸಲ ನಲ್ಲಿ ಬಿಡಲಿಲ್ಲ. ಆದರೆ ಬಿಚ್ಚುವ ದಿನ ಬರುವುದಿಲ್ಲ ಎಂದರು.

ಸಮಿತಿಯ ಸಭೆಯಲ್ಲಿ ಗಲಾಟೆಯಾಯಿತು. ಅಷ್ಟು ಚೆಂದದ ಕೆತ್ತನೆ ಎಲ್ಲಿ ಸಿಗುತ್ತೆ, ಹಳೇ ಮಾತು ಯಾಕೆ, ಇರಲಿ ಬಿಡಿ ಎಂದರು ಔಷಧಿ ಅಂಗಡಿಯವರು. ಸೌದೆ ಮಾಡಿ ಎಂದೆ ನಾನು. ಟಿಕೆಟಮ್ಮನನ್ನು ಕರೆಸಿದ್ದೆ. ಅವರು ಎರಡಕ್ಕೂ ತಲೆ ಆಡಿಸಲಿಲ್ಲ. "ಸುಟ್ರೆ ಅನುಕೂಲ ಯಾರಿಗೆ? ತಿರುಗಿಸಿ ನಿಲ್ಸಿ," ಎಂದರು. "ನಾವು ನೋಡಿದ ಮುಖಾನ ಊರೂ ನೋಡಲಿ."

ಅಷ್ಟು ದೊಡ್ಡದನ್ನು ಇದ್ದ ಜಾಗದಲ್ಲಿ ತಿರುಗಿಸಲು ಆಗದು. ಬಿಚ್ಚಿ ಮತ್ತೆ ಕೂಡಿಸಬೇಕು. ಈ ತಿಂಗಳ ಮೂರನೇ ಶನಿವಾರ, ಶಾಲೆ ಬಿಟ್ಟ ಮೇಲೆ. ಉಳಿ, ಕೊಡತಿ ತನ್ನಿ. ಬಡಾಯಿಯನ್ನೂ ತನ್ನಿ, ಅದಿಲ್ಲದೆ ನಿಮ್ಮನ್ನು ಗುರುತು ಹಿಡಿಯುವುದು ಕಷ್ಟ. ಆದರೆ ಅಲ್ಲಿ ಸೇರಿದ ಜನಕ್ಕೆ, ಆ ಹುಡುಗಿಗೆ ಕೇಳುವ ಹಾಗೆ, ಇದು ಏತಕ್ಕೆ ಮಾಡಿದ್ದು ಎಂದು ನೀವೇ ಹೇಳಬೇಕು.

ನಿಮ್ಮ
ಪುಟ್ಟಿ


ಸೆಪ್ಟೆಂಬರ್ ೨೩

ಅಕ್ಕನಿಗೆ,

ನೀನು ಬರಲಿಲ್ಲ ಎಂದು ನನಗೆ ಸಿಟ್ಟಿಲ್ಲ. ಆದರೆ ಬಾರದವರಿಗೆ ಕಥೆ ಕೇಳುವ ಶಿಕ್ಷೆ ತಪ್ಪಿದ್ದಲ್ಲ. ಕೂತುಕೋ.

ಹೇಳಿದ್ದಕ್ಕಿಂತ ಬೇಗ ಹೋದೆ. ಅಪ್ಪ ನನಗೆ ಯಾವ ಗುಟ್ಟನ್ನೂ ಹೇಳಿಹೋಗಿಲ್ಲ ಎಂದು ನಿನಗೊಬ್ಬಳಿಗೆ ಗೊತ್ತು. ಯಾರೂ ಇಲ್ಲದಾಗ ತಡಿಕೆಯ ಮುಂದೆ ನಿಂತು ಆ ಗುಟ್ಟನ್ನು ಹುಟ್ಟಿಸಿಕೊಳ್ಳೋಣ ಎಂದು ನನ್ನ ಲೆಕ್ಕ. ಹೋದರೆ ಒಬ್ಬ ಹೆಂಗಸು ಆಗಲೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ನನ್ನ ಮುಖ ನೋಡಲಿಲ್ಲ. ಕಾಲು ನೋಡಿದಳು.

"ಚಪ್ಪಲಿ ಬಿಡಿ."

"ಯಾಕಮ್ಮಾ?"

"ಟಿಕೆಟ್ ತೋರ್ಸಿ ಅಂದಾಗ್ಲೂ ಯಾಕೆ ಅಂತೀರಾ? ಬಿಡಿ ಅಂದ್ರೆ ಬಿಡಿ."

ಬಿಟ್ಟೆ.

"ಹೂಂ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಸವಾರಿ. ಎರಡನೇ ಸಾಲು, ಕಂಬದ ಪಕ್ಕ. ನೀವೇ. ಐದು ವರ್ಷ ನೋಡಿದೀನಿ. ಮುಖ ಇವತ್ತೇ ನೋಡ್ತಿರೋದು." ಸ್ವಲ್ಪ ಹೊತ್ತು ನೋಡಿ, "ಕಾಲೇ ವಾಸಿ" ಎಂದಳು.

ಅಕ್ಕ, ನಮ್ಮ ತರಗತಿಯಲ್ಲಿ ಒಬ್ಬೊಬ್ಬರ ಕಾಲೂ ಅವಳಿಗೆ ಬಾಯಿಪಾಠ. ಯಾರ ಹಿಮ್ಮಡಿ ಒಡೆದಿತ್ತು, ಯಾರು ಹೊಸ ಬೂಟು ಹಾಕಿದ ದಿನ ಕಾಲು ಮುಂದೆ ಚಾಚಿ ಕೂರುತ್ತಿದ್ದರು, ಎಲ್ಲ. ನಿನ್ನದೂ. "ನಿಮ್ಮಕ್ಕ ಕಾಲ್ಬೆರಳಲ್ಲಿ ನೆಲ ಬಡೀತಾ ಮಗ್ಗಿ ಲೆಕ್ಕ ಮಾಡೋರು. ನಾನು ಅದನ್ನ ಎಣಿಸ್ಕೊಂಡೇ ಮಗ್ಗಿ ಕಲ್ತೆ" ಎಂದಳು. ನೀನು ಒಬ್ಬಳಿಗೆ ಪಾಠ ಹೇಳಿಕೊಟ್ಟಿದ್ದೀಯ, ನಿನಗೇ ಗೊತ್ತಿಲ್ಲದೆ.

ಅವಳ ಎದುರು ನಾನು ಕುಗ್ಗಲು ಆಗುತ್ತದೆಯೇ? "ಅದೆಲ್ಲ ಇರಲಿ, ಕೆಲಸ ನೋಡಿ. ಒಂದೇ ಒಂದು ಬೆಣೆ ತೋರ್ಸಿ ನೋಡೋಣ" ಎಂದು ಪಂಥ ಕಟ್ಟಿದೆ. ಏನೋ ಚಹಾದ ಕಾಸಿನ ಪಂಥ, ಬಿಡು. ಅವಳು ಎದ್ದಳು. "ಬನ್ನಿ ಆ ಕಡೆ."

ಹೊರಗೆ ಹೋಗಿ, ಗೋಡೆ ಸುತ್ತಿ, ಸಣ್ಣ ಬಾಗಿಲಿನಲ್ಲಿ ಬಗ್ಗಿದೆವು. ಐದು ವರ್ಷ ಆ ಕೋಣೆಯಲ್ಲಿ ಕೂತ ನಾನು ಆ ಬಾಗಿಲನ್ನು ದಾಟಿದ್ದು ಅದೇ ಮೊದಲು. ನೀನೂ ದಾಟಿಲ್ಲ, ಅಕ್ಕ.

ಹಿಂಬದಿಗೆ ಅಪ್ಪ ಕೀಸುಳಿಯನ್ನೇ ಮುಟ್ಟಿಸಿಲ್ಲ. ಸಿಬಿರು ಎದ್ದ ಮರ. ಅಂಟು ಸೋರಿ ಹಾಗೇ ಗಟ್ಟಿಯಾಗಿದೆ. ಮತ್ತೆ ಬೆಣೆಗಳು! ಒಂದೊಂದು ಪಟ್ಟಿಗೂ ಎರಡೆರಡು. ನಮ್ಮ ಕಡೆ ನುಣ್ಣಗೆ ಕಾಣಲಿ ಎಂದು ಎಲ್ಲವನ್ನೂ ಆ ಕಡೆಯಿಂದ ಹೊಡೆದಿದ್ದಾನೆ. ಬೆಣೆಯೇ ಇಲ್ಲ ಬೆಣೆಯೇ ಇಲ್ಲ ಎಂದು ನಾನು ಊರೂರಿಗೆ ಸಾರಿಕೊಂಡು ಬಂದೆನಲ್ಲ, ಆ ಕಡೆ ಕೂತವರೆಲ್ಲ ದಿನಬೆಳಗಾದರೆ ಅವನ್ನೇ ನೋಡುತ್ತಿದ್ದರು. ದೊಡ್ಡ ಬಡಗಿ ನಾನು! ತಡಿಕೆಗೆ ಎರಡು ಮುಖ ಇರುತ್ತದೆ ಎಂಬುದು ತಲೆಗೆ ಹೊಳೆದಿರಲಿಲ್ಲ.

ಮಗುವಿನ ಕೈಗೆ ಎಟುಕುವ ಒಂದು ಬೆಣೆಯನ್ನು ತೋರಿಸಿದಳು. ಮುಟ್ಟಿ ಮುಟ್ಟಿ ಕಪ್ಪಾಗಿತ್ತು.

"ಇದನ್ನ ಕಿತ್ರೆ ಪಟ್ಟಿ ತಿರುಗೋದು. ಆಗ ಕರಿಹಲಗೆ ಕಾಣ್ಸೋದು. ಒಬ್ರು ನೋಡಿ ಪಿಸುಗುಡೋದು, ಉಳಿದೋರು ಬರ್ಕೊಳೋದು. ಮೇಷ್ಟ್ರು ಎದ್ರೆ ಮತ್ತೆ ಸಿಗಿಸಿಡೋದು."

"ಆ ಪಟ್ಟಿ ತಿರುಗೋದನ್ನ ನಾನು ನೋಡಿದ್ದೆ," ಎಂದೆ ನಾನು. "ಪಾಪ ಕಲೀಲಿ ಅಂತ ಯಾರಿಗೂ ಹೇಳಿರಲಿಲ್ಲ."

"ನೀವು ನಿದ್ದೆ ಮಾಡ್ತಿದ್ರಿ. ಕಾಲು ನೋಡಿದ್ರೆ ಗೊತ್ತಾಗುತ್ತೆ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವನು ನಾನು. ಆದರೆ ಆಗ ನನಗೆ ನಿಜವಾಗಿ ಒಂದು ಆಸೆ ಹುಟ್ಟಿತು. ತಡಿಕೆ ಕಿರುಗುಟ್ಟುತ್ತದೆ ಎಂದು ಮೇಷ್ಟ್ರು ಹೇಳಿ ಅಪ್ಪ ಒಂದು ಸಲ ರಿಪೇರಿಗೆ ಹೋಗಿದ್ದ, ನಿನಗೂ ನೆನಪಿರಬೇಕು. ಕೇಳಿಯೇಬಿಟ್ಟೆ. "ನಮ್ಮಪ್ಪ ಬಂದಿದ್ರಲ್ಲ, ಸಡಿಲ ಬೆಣೆ ಅವರ ಕಣ್ಣಿಗೆ ಬಿದ್ದಿರ್ಬೇಕು. ಬೇಕಂತಲೇ ಹಾಗೇ ಬಿಟ್ಟಿರ್ಬೇಕು, ಅಲ್ವಾ?"

ಅವಳು ಹೂಂ ಎಂದುಬಿಡಬಹುದಿತ್ತು. ನಾನಾಗಿದ್ದರೆ ಅಂದುಬಿಡುತ್ತಿದ್ದೆ.

"ಬಂದಿದ್ರು. ನೋಡಿದ್ರು. ಅಂಟು ಹಾಕಿ ಹೊಡೆದು ಹೋದ್ರು," ಎಂದಳು. "ನಿಮ್ಮಪ್ಪ ಒಳ್ಳೆ ಕೆಲಸಗಾರ. ಅದು ಮತ್ತೆ ಅಲ್ಲಾಡಲಿಲ್ಲ. ನಾವು ಅದರ ಕೆಳಗಿನದಕ್ಕೆ ಕೈ ಹಾಕಿದ್ವಿ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಅಷ್ಟರಲ್ಲಿ ತಡಿಕೆಯ ಆಚೆಗೆ ಜನ ಬಂದರು. ಹೇಗೆ ಗೊತ್ತಾಯಿತು ಎಂದರೆ, ಕಾಲುಗಳು ಬಂದವು. ಬರೀ ಕಾಲುಗಳು. ಒಂದು ಜೊತೆ ಕಾಲು "ಮಾವ ಎಲ್ಲಿ?" ಎಂದಿತು. ದನಿಯಿಂದ ಪುಟ್ಟಿ ಎಂದು ತಿಳಿಯಿತು, ಕಾಲಿನಿಂದ ತಿಳಿಯಲಿಲ್ಲ. ನಡೆಯಲು ಕಲಿಸಿದವನು ನಾನು, ಆ ಕಾಲುಗಳ ಗುರುತು ಹತ್ತಲಿಲ್ಲ ನನಗೆ.

"ಇಲ್ಲಿದೀನಿ" ಎಂದೆ. ಹೊರಗೆ ಬಂದು ಮುಖ ತೋರಿಸಿ ಹೇಳಬೇಕು ಎಂದು ಅಭ್ಯಾಸ ಮಾಡಿಕೊಂಡು ಬಂದಿದ್ದೆ, ಕೈ ಎತ್ತುವುದು, ಕೆಮ್ಮುವುದು, ಎಲ್ಲ. ಏಳಲು ಆಗಲಿಲ್ಲ. ಅಲ್ಲಿಂದಲೇ ಹೇಳಿದೆ. "ಇದನ್ನ ಮಾಡಿದ್ದು ನಮ್ಮಪ್ಪ. ಗಾಳಿಗಲ್ಲ. ಹಳಿಯಾಚೆ ಮಕ್ಕಳು ಈ ಕಡೆಯೋರ ಕಣ್ಣಿಗೆ ಬೀಳಬಾರದು, ಅವರಿಗೆ ಹಲಗೆ ಕಾಣಬಾರದು ಅಂತ. ಯಾರೂ ಅವನ ಕುತ್ತಿಗೆಗೆ ಕೈ ಹಾಕಿರಲಿಲ್ಲ. ಕೇಳಿದ್ರು, ಮಾಡಿಕೊಟ್ಟ. ಸಂತೋಷವಾಗಿ ಮಾಡಿಕೊಟ್ಟ. ನಾವು ಅದರ ಮೇಲೆ ಹೆಮ್ಮೆಪಟ್ಕೊಂಡು ಬದುಕಿದ್ವಿ."

ಔಷಧಿ ಅಂಗಡಿಯವರ ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು. ಪುಟ್ಟಿಯ ಕಾಲುಗಳು ಅಲ್ಲೇ ಇದ್ದವು. ಸಣ್ಣ ಕಾಲುಗಳೆರಡು ಓಡಿಬಂದು ತಡಿಕೆಯ ಹತ್ತಿರ ನಿಂತವು. ಆಮೇಲೆ ಮಂಡಿ ಕಂಡಿತು, ಆಮೇಲೆ ನೆಲಕ್ಕೆ ಒತ್ತಿದ ಒಂದು ಕೆನ್ನೆ. "ಅಜ್ಜಿ, ನಿಮ್ಮ ಪಕ್ಕ ಕೂತಿರೋ ತಾತ ಅಳ್ತಿದಾರಾ?"

"ಇಲ್ಲ ಕಣೇ," ಎಂದಳು ಟಿಕೆಟಮ್ಮ. "ಚಹಾ ಬಿಸಿ ಇದೆ."

ಮಿಕ್ಕಿದ್ದು ಬರೀ ಕೆಲಸ. ಬೆಣೆಗಳನ್ನು ಅವಳು ತೋರಿಸುತ್ತಾ ಹೋದಳು, ನಾನು ಹೊರಗೆ ಬಡಿಯುತ್ತಾ ಹೋದೆ. ಅಪ್ಪ ಅಂಟು ಹಾಕಿದ ಬೆಣೆ ಮಾತ್ರ ಬರಲಿಲ್ಲ, ಗರಗಸದಲ್ಲಿ ಕೊಯ್ದೆ. ಸಂಜೆಯ ಹೊತ್ತಿಗೆ ಬಳ್ಳಿ ಎಲೆ ಮೊಗ್ಗು ಎಲ್ಲ ಹಿಂದಿನ ಗೋಡೆಯ ಪಕ್ಕಕ್ಕೆ ಸರಿದು, ಅದಕ್ಕೇ ಮುಖ ಮಾಡಿ ನಿಂತವು. ಸಿಬಿರು, ಅಂಟು, ಬೆಣೆಗಳು ಊರಿನ ಕಡೆ ನೋಡುತ್ತಿವೆ. ಕೋಣೆ ಎಷ್ಟು ದೊಡ್ಡದು ಎಂದು ನನಗೆ ಆಗ ತಿಳಿಯಿತು.

ಹಾಗಾದರೆ ಫಲಕದಲ್ಲಿ ಹೆಸರು ಬೇಡ ಬಿಡಿ ಎಂದರು ಅಧ್ಯಕ್ಷರು. ಬೇಕು ಎಂದೆ. ಹೊಗಳುವಾಗ ಬೇಕಾಗಿದ್ದ ಹೆಸರು ಈಗ ಬೇಡವಾದರೆ ಹೇಗೆ? ದೊಡ್ಡ ಅಕ್ಷರದಲ್ಲೇ ಇರುತ್ತದೆ. ಅದರ ಕೆಳಗೆ ಟಿಕೆಟಮ್ಮ ಹೇಳಿದ ಸಾಲು: "ಇದರ ಹಿಂದೆ ಕೂತು ಓದಿದವರಿಗೆ ಇದು ಹೀಗೆ ಕಾಣುತ್ತಿತ್ತು."

ಒಮ್ಮೆ ಹೋಗಿ ಬಾ, ಅಕ್ಕ. ಚಪ್ಪಲಿ ಬಿಟ್ಟು ಹೋಗು. ನಿನ್ನನ್ನು ಹಾಗೆ ಮಾತ್ರ ಗುರುತು ಹಿಡಿಯುತ್ತಾಳೆ.

ನಿನ್ನ ತಮ್ಮ


ನವೆಂಬರ್ ೯

ಪ್ರೀತಿಯ ಮಾವ,

ಅಮ್ಮ ಬಂದಿದ್ದರು. ಹೇಳದೆ ಕೇಳದೆ, ಕೈಚೀಲ ಹಿಡಿದುಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ. ತಡಿಕೆಯ ಮುಂದೆ ತುಂಬ ಹೊತ್ತು ನಿಂತರು. ಸಿಬಿರಿನ ಮೇಲೆ ಕೈ ಆಡಿಸಿದರು. ನಾನು ಟಿಕೆಟಮ್ಮನಿಗೆ ಹೇಳಿಕಳಿಸಿದೆ. ಬಂದವರು ಅಮ್ಮನ ಕಾಲು ನೋಡಿ, "ಏಳೆಂಟಲಿ ಎಷ್ಟ್ರೀ?" ಎಂದರು. ಅಮ್ಮ ತಬ್ಬಿಬ್ಬಾಗಿ ಬೆರಳಲ್ಲಿ ನೆಲ ಬಡಿಯುತ್ತಾ, "ಐವತ್ನಾಲ್ಕು" ಎಂದರು.

"ನೋಡಿದ್ರಾ ಮೇಡಂ! ಈಗ್ಲೂ ಐವತ್ನಾಲ್ಕೇ! ನಾನೂ ಅದನ್ನೇ ಕಲ್ತು, ಕೆಲಸಕ್ಕೆ ಸೇರಿದ ಮೇಲೂ ಎಷ್ಟೋ ಜನಕ್ಕೆ ಕಮ್ಮಿ ದಂಡ ಹಾಕಿದೀನಿ!"

ಅಮ್ಮ ನಕ್ಕರು. ಆಮೇಲೆ ನಗುತ್ತಿದ್ದ ಹಾಗೇ ಕಣ್ಣಿಗೆ ಸೆರಗು ಒತ್ತಿಕೊಂಡು, ಏನೋ ಹೇಳಿದರು. ನಾನು ದೂರ ಸರಿದಿದ್ದೆ, ಕೇಳಿಸಲಿಲ್ಲ. ಇಬ್ಬರೂ ನೆಲದ ಮೇಲೆ ಕೂತರು. ಗಂಟೆ ಬಾರಿಸಿದರೂ ಏಳಲಿಲ್ಲ.

ಆ ಹುಡುಗಿ ಈಗ ನನ್ನ ಆಫೀಸಿನ ಮುಂದೆ ನಿಂತು ಕಾಯುವುದಿಲ್ಲ. ನಮಸ್ತೆ ಎಂದು ಓಡುತ್ತಾಳೆ. ನನಗೆ ಅಷ್ಟು ಸಾಕು.

ಸಭಾಂಗಣ ತೆರೆದ ದಿನದ ಫೋಟೊ ಇದರ ಜೊತೆ ಇದೆ. ಎಲ್ಲರೂ ನಗುತ್ತಿದ್ದಾರೆ, ನೀವೊಬ್ಬರು ತುಟಿ ಬಿಗಿದು ನಿಂತಿದ್ದೀರಿ. ಅಧ್ಯಕ್ಷರು ಅದನ್ನು ತೋರಿಸಿ, "ನೋಡಿ, ಪಶ್ಚಾತ್ತಾಪ ಅಂದ್ರೆ ಹೀಗಿರಬೇಕು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರೆ. ಹೊಸ ಹಲ್ಲು ಎಲ್ಲಿ ಮಾವ?

ಇನ್ನೊಂದು. ಟಿಕೆಟಮ್ಮ ಮೊಮ್ಮಗಳನ್ನು ಕರೆದುಕೊಂಡು ಸಮುದ್ರ ನೋಡಿಬಂದರು. ಮೊದಲ ದರ್ಜೆಯಲ್ಲಿ. ಇಷ್ಟು ವರ್ಷ ಆ ಡಬ್ಬಿಯಲ್ಲಿ ನಿಂತುಕೊಂಡೇ ಓಡಾಡಿದ್ದೆ, ಕೂತು ನೋಡಿದ್ದು ಇದೇ ಮೊದಲು ಎಂದರು. ದುಡ್ಡು ಎಲ್ಲಿಂದ ಎಂದರೆ, "ನಿಮ್ಮ ಮಾವ ಪಂಥ ಸೋತ್ರು. ಎಷ್ಟು ಅಂತ ಅವರನ್ನೇ ಕೇಳಿ" ಎನ್ನುತ್ತಾರೆ. ಚಹಾದ ಕಾಸಿನ ಪಂಥ ಎಂದು ನೀವು ಅಮ್ಮನಿಗೆ ಬರೆದಿದ್ದಿರಲ್ಲ. ಚಹಾದ ಕಾಸಿಗೆ ಸಮುದ್ರ ಕಾಣುತ್ತದೆಯೇ?

ನಿಮ್ಮ
ಪುಟ್ಟಿ


ನವೆಂಬರ್ ೧೮

ಪ್ರೀತಿಯ ಪುಟ್ಟಿ,

ಫೋಟೊ ಬಂತು. ಅಂಗಡಿಯ ಗೋಡೆಗೆ, ಕೊಡತಿ ತೂಗುಹಾಕುವ ಮೊಳೆಯ ಪಕ್ಕ ಅಂಟಿಸಿದ್ದೇನೆ. ನಿಜ ಹೇಳಬೇಕೆಂದರೆ ಅದರಲ್ಲಿರುವವರೆಲ್ಲರಿಗಿಂತ ಗಂಭೀರವಾಗಿ, ಸುಂದರವಾಗಿ ಕಾಣುವವನು ನಾನೇ. ಅಧ್ಯಕ್ಷರು ಹೇಳುವುದನ್ನು ತಡೆಯಬೇಡ. ಅವರು ಹೇಳುವುದು ಪೂರ್ತಿ ಸುಳ್ಳೇನೂ ಅಲ್ಲ. ಕಾರಣ ಎರಡಿತ್ತು. ಹಲ್ಲಿಲ್ಲದ ಬಾಯಿ ತೆರೆಯಬಾರದು ಎಂಬುದು ಒಂದೇ ಆಗಿದ್ದರೆ, ಕೈ ಅಡ್ಡ ಇಟ್ಟುಕೊಂಡಾದರೂ ನಗುತ್ತಿದ್ದೆ.

ನಿನ್ನ ಅಮ್ಮ ನನಗೂ ಕಾಗದ ಬರೆದಿದ್ದಾಳೆ. ಎರಡೇ ಸಾಲು. ಏಳೆಂಟಲಿ ಐವತ್ತಾರು ಎಂದು ಒಂದು ಸಾಲು. ಇನ್ನೊಂದನ್ನು ನಾನು ನಿನಗೆ ಹೇಳುವುದಿಲ್ಲ.

ಪಂಥದ ವಿಷಯ. ಹತ್ತು ರೂಪಾಯಿ ಎಂದು ನನ್ನ ಹೆಂಡತಿಗೆ ಹೇಳಿದ್ದೇನೆ. ಐವತ್ತು ಎಂದು ಪಕ್ಕದ ಲಾರಿ ಗ್ಯಾರೇಜಿನವನಿಗೆ ಹೇಳಿದ್ದೇನೆ. ಅವತ್ತು ವಾಪಸ್ಸು ಹೋಗುವಾಗ ಹಲ್ಲಿನ ಡಾಕ್ಟರಿಗೆ ಕೊಡಲೆಂದು ಬಿಸ್ಕತ್ತಿನ ಡಬ್ಬಿಯನ್ನು ಹಾಗೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. "ಒಂದು ಬೆಣೆ ತೋರಿಸಿದ್ರೆ ಈ ಡಬ್ಬಿ ನಿಮ್ದು" ಎಂದು ಅದನ್ನು ಎತ್ತಿ ಹಿಡಿದೆ, ಮುಚ್ಚಳ ತೆಗೆದು ತೋರಿಸಿದೆ. ನಮ್ಮಪ್ಪನ ಮಗ, ಸಣ್ಣ ಪಂಥ ಕಟ್ಟುವುದು ಗೊತ್ತಿಲ್ಲ. ಬೆಣೆ ನೋಡಿದ ಮೇಲೆ ಅವಳು "ಇರಲಿ ಬಿಡಿ, ತಮಾಷೆಗೆ ಅಂದಿದ್ದು" ಎಂದಳು. ನಾನೇ ಅವಳ ಕೈಗೆ ತುರುಕಿದೆ. ಹಳೆಯ ಅಭ್ಯಾಸ ನೋಡು, ಎಣಿಸಿ, ರಸೀದಿ ಬರೆದು ಕೊಟ್ಟಳು. ರಸೀದಿಯಲ್ಲಿ ಕಾರಣ ಎಂಬ ಕಡೆ ಏನೂ ಬರೆಯಲಿಲ್ಲ, ಖಾಲಿ ಬಿಟ್ಟಳು.

ಸಮುದ್ರದಿಂದ ನನಗೂ ಒಂದು ಕಾರ್ಡ್ ಬಂತು. ಮೊಮ್ಮಗಳು ಮರಳಿನ ಮೇಲೆ ನಿಂತ ತನ್ನ ಕಾಲುಗಳ ಚಿತ್ರ ಬರೆದಿದ್ದಾಳೆ, ಮೇಲೆ ಮುಖವನ್ನೂ ಬರೆದಿದ್ದಾಳೆ, ಹಲ್ಲು ಬಿಟ್ಟುಕೊಂಡಿರುವುದು.

ಈಗ ಗಂಜಿಯೇ ಗತಿ, ಆದರೆ ಗಂಜಿ ರುಚಿಯಾಗಿದೆ. ಗಾಳಿಯ ಕಥೆ ಬೇಡ ಎಂದಿದ್ದೀಯಲ್ಲ, ಅದಕ್ಕೆ ನಿಜ ಬರೆಯುತ್ತಿದ್ದೇನೆ, ನಿನ್ನ ಅತ್ತೆಗೆ ತೋರಿಸಬೇಡ. ಮೂರು ಸಾವಿರದ ಆರುನೂರ ನಲವತ್ತು.

ನಿನ್ನ
ಬೊಚ್ಚುಬಾಯಿ ಮಾವ